‘ನನ್ನ ಹೆಸರು ಕೊಡು’ ಅನ್ನೋ ಮಾತನ್ನ ಕನ್ನಡಕ್ಕೆ ಹೇಗೆ ತರೋದು? (ಆರ್ಥರ್ ಮಿಲ್ಲರ್, ‘ಎ ವ್ಯೂ ಫ್ರಮ್ ದ ಬ್ರಿಜ್’)

ನೇಪಥ್ಯ
ಎಲ್ರಿಗೂ ನಮಸ್ಕಾರ. ಮೈಸೂರಲ್ಲಿ ನಾವು ಏಳೆಂಟು ಜನ ವಾರಕ್ಕೊಂದು ಸಂಜೆ ಸೇರಿ ನಾಟಕ ಓದ್ತೀವಿ. ಪ್ರದರ್ಶನ ಏನಿಲ್ಲ, ಚಾಪೆ ಮೇಲೆ ಕೂತು ಪಾತ್ರ ಹಂಚ್ಕೊಂಡು ಓದೋದು, ಆಮೇಲೆ ಕಾಫಿ, ಜಗಳ. ಈ ಸಲ ಅಮೆರಿಕದ ನಾಟಕಕಾರ ಮಿಲ್ಲರ್‌ನ ಈ ನಾಟಕ. ನಮಗೋಸ್ಕರ ನಾನೇ ಕನ್ನಡಕ್ಕೆ ಮಾಡ್ಕೊಂಡು ಹೋಗ್ತಿದೀನಿ, ಕೊನೇ ದೃಶ್ಯದಲ್ಲಿ ಸಿಕ್ಕಿಹಾಕ್ಕೊಂಡೆ.

ಓದಿಲ್ಲದವರಿಗೆ ಕಥೆ: ನ್ಯೂಯಾರ್ಕಿನ ಬ್ರೂಕ್ಲಿನ್, ಅದರೊಳಗೆ ರೆಡ್ ಹುಕ್ ಅನ್ನೋ ಬಂದರು ಕೇರಿ. ಎಡ್ಡಿ ಕಾರ್ಬೋನ್ ಹಡಗಿಂದ ಸರಕು ಇಳಿಸೋ ಕೂಲಿ. ಹೆಂಡತಿ ಬಿಯಾಟ್ರಿಸ್. ಅವಳ ತೀರಿಹೋದ ಸೋದರಿಯ ಮಗಳು ಕ್ಯಾಥರೀನ್, ಹದಿನೇಳು ವರ್ಷ, ಇವರೇ ಸಾಕಿದ್ದು. ಬಿಯಾಟ್ರಿಸ್ ಕಡೆ ನೆಂಟರಿಬ್ಬರು, ಮಾರ್ಕೊ ಮತ್ತು ರೊಡಾಲ್ಫೊ, ಸಿಸಿಲಿಯಿಂದ ಕಳ್ಳದಾರೀಲಿ ಬಂದು ಇವರ ಮನೇಲಿ ಅಡಗಿ ಇರ್ತಾರೆ. ಕ್ಯಾಥರೀನ್‌ಗೂ ರೊಡಾಲ್ಫೊಗೂ ಪ್ರೀತಿ ಆಗತ್ತೆ. ಎಡ್ಡಿಗೆ ಸಹಿಸೋಕಾಗಲ್ಲ, ಯಾಕೆ ಅಂತ ಅವನು ತನಗೇ ಹೇಳ್ಕೊಳ್ಳಲ್ಲ. ಕೊನೆಗೆ ವಲಸೆ ಇಲಾಖೆಗೆ ಫೋನ್ ಮಾಡಿ ಇಬ್ಬರನ್ನೂ ಹಿಡಿಸಿಬಿಡ್ತಾನೆ. ಮಾರ್ಕೊ ಅವನ ಮುಖಕ್ಕೆ ಉಗೀತಾನೆ. ಆಮೇಲೆ ಎಡ್ಡಿಗೆ ಒಂದೇ ಹಠ: ಮಾರ್ಕೊ ಎಲ್ಲರೆದುರಿಗೆ ತನ್ನ ‘ನೇಮ್’ ವಾಪಸ್ ಕೊಡಬೇಕು.

‘ನನ್ನ ಹೆಸರು ಕೊಡು’ ಅಂದ್ರೆ ರೇಷನ್ ಕಾರ್ಡಿಗೆ ಹೆಸರು ಸೇರಿಸೋ ಕ್ಯೂ ನೆನಪಾಗತ್ತೆ. ‘ಮಾನ’ ಅಂದ್ರೆ ಕಂಪನಿ ನಾಟಕದ ದ್ರೌಪದಿ ಬರ್ತಾಳೆ. ‘ಮರ್ಯಾದೆ ವಾಪಸ್ ಕೊಡು’ ಥೇಟ್ ಸೀರಿಯಲ್. ಏನ್ಮಾಡ್ಲಿ?

ಧಾರವಾಡ ಮೇಷ್ಟ್ರು
ಛಲೋ ನಾಟಕ ಹಿಡದೀರಿ. ಮೂವತ್ತು ವರ್ಷ ಬಿ.ಎ. ಹುಡುಗರಿಗೆ ಇಂಗ್ಲಿಷ್ ಪಾಠ ಮಾಡಿದವ ನಾನು, ಈ ನಾಟಕ ಎರಡು ಸಲ ಸಿಲೆಬಸ್ಸಿನ್ಯಾಗ ಬಂದಿತ್ತು. ಉತ್ತರಕ್ಕಿಂತ ಮೊದಲ ಸ್ವಲ್ಪ ಹಿನ್ನೆಲೆ ಹೇಳ್ತೀನಿ, ತಡಕೋರಿ.

ಇದು ಪೂರ್ತಿ ಕಲ್ಪನೆ ಅಲ್ಲ. ಬ್ರೂಕ್ಲಿನ್ ಬಂದರಿನ ಕೂಲಿಗಳ ಪರವಾಗಿ ಓಡಾಡ್ತಿದ್ದ ವಿನ್ಸೆಂಟ್ ಲೋಂಗಿ ಅನ್ನೋ ವಕೀಲ ಮಿಲ್ಲರ್‌ಗೆ ಗೆಳೆಯ. ತನ್ನ ನೆಂಟರನ್ನ ಹಿಡಿಸಿಕೊಟ್ಟ ಕೂಲಿಯೊಬ್ಬನ ಕಥಿ ಅಂವ ಹೇಳಿದ್ದು. 1940ರ ದಶಕದ ಕಡೀಕ ಇಬ್ಬರೂ ಕೂಡಿ ಸಿಸಿಲಿ, ಕಲಾಬ್ರಿಯಾ ತಿರುಗಿ ಬಂದ್ರು. ಅಲ್ಲಿ ಊರ ಚೌಕದಾಗ ಕೆಲಸ ಇಲ್ಲದ ನಿಂತ ಗಂಡಸರನ್ನ ಮಿಲ್ಲರ್ ಕಣ್ಣಾರೆ ಕಂಡಿದ್ದ. ಅದಕ್ಕೂ ಮೊದಲ ರೆಡ್ ಹುಕ್ ಗೋಡಿ ಮ್ಯಾಲೆ ‘ಪೀಟ್ ಪ್ಯಾಂಟೊ ಎಲ್ಲಿ?’ ಅಂತ ಇಟಾಲಿಯನ್‌ದಾಗ ಬರದದ್ದನ್ನ ನೋಡಿದ್ದ. ಪ್ಯಾಂಟೊ ಅಂದ್ರ ಬಂದರಿನ ಗೂಂಡಾಗಳ ವಿರುದ್ಧ ಎದ್ದು ನಿಂತು 1939ರಾಗ ಕೊಲೆಯಾದ ಕೂಲಿ.

ಮೊದಲ 1955ರಾಗ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರದಾಗ ಬಂದಾಗ ಒಂದೇ ಅಂಕ, ಅರ್ಧ ಪದ್ಯದ ಧಾಟಿ. ಜನ ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಮಿಲ್ಲರ್ ಎರಡು ಅಂಕಕ್ಕ ಬೆಳಸಿ, ಹೆಂಗಸರ ಪಾತ್ರ ಗಟ್ಟಿ ಮಾಡಿ, 1956ರ ಅಕ್ಟೋಬರಿನ್ಯಾಗ ಲಂಡನ್ನಿನ ಕಾಮಿಡಿ ಥಿಯೇಟರ್‌ದಾಗ ನಿರ್ದೇಶಕ ಪೀಟರ್ ಬ್ರೂಕ್ ಕೈಲೆ ಆಡಿಸಿದ. ನೀವು ಓದಾಕ ಹತ್ತಿದ್ದು ಇದೇ ಪಾಠ.

ಇನ್ನ ‘ಹೆಸರು’. ನಮ್ಮ ಕಡೆ ‘ಹೆಸರು ಕೆಡಿಸಿದಿ’ ಅಂತೀವಿ, ‘ಮಾನ ಕೆಡಿಸಿದಿ’ ಅನ್ನೂದು ಬ್ಯಾರೆ. ಹೆಸರೇ ಇರ್ಲಿ.

ಸೌಟು ಹಿಡಿದವಳು
ನೇಪಥ್ಯ ಅವರೇ, ಹೆಸರಿನ ವಿಷಯ ಆಮೇಲೆ. ಇಲ್ಲೇ ಹಿಂದಿನ ಬೇರೆ ಚರ್ಚೆಯಲ್ಲಿ ನೀವು ಹಾಕಿದ್ದ ಮೊದಲ ಅಂಕದ ಕರಡು ಓದಿದೆ. ಅದರಲ್ಲಿ ಎಡ್ಡಿ ಕ್ಯಾಥರೀನ್‌ನ ‘ನನ್ನ ಸೊಸೆ’ ಅಂತಾನೆ, ಅವಳು ಅವನನ್ನ ‘ಮಾವ’ ಅಂತಾಳೆ. ಇಡೀ ನಾಟಕ ಅಲ್ಲೇ ಮುಗೀತು ಕಣ್ರೀ!

ಇಂಗ್ಲಿಷಿನ ‘ನೀಸ್’ಗೆ ಅಕ್ಕನ ಮಗಳೂ ಒಂದೇ, ಅಣ್ಣನ ಮಗಳೂ ಒಂದೇ, ಹೆಂಡತಿಯ ಅಕ್ಕನ ಮಗಳೂ ಒಂದೇ. ನಮಗೆ ಹಾಗಲ್ಲವಲ್ಲ. ಸೋದರಮಾವ ಅಕ್ಕನ ಮಗಳನ್ನ ಕಟ್ಕೊಳ್ಳೋದು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ನಡೆದುಬಂದ ಪದ್ಧತಿ. ನಮ್ಮ ತಾಯಿಯ ತಾಯಿಯನ್ನ ಹಾಗೇ ಕೊಟ್ಟಿದ್ದು. ಮಂಡ್ಯದಲ್ಲೋ ಹಾಸನದಲ್ಲೋ ‘ಮಾವ’ ಅಂತ ಒಂದು ಹುಡುಗಿ ಅಂದ ತಕ್ಷಣ ಮುಂದಿನ ಸಾಲಿನ ಅಜ್ಜಿ “ಮಾವ ತಾನೆ, ಮದ್ವೆ ಆದ್ರೆ ಏನ್ ತಪ್ಪು?” ಅಂತ ಪಕ್ಕದವಳಿಗೆ ಹೇಳ್ತಾಳೆ. ಎಡ್ಡಿಯ ಬಾಯಲ್ಲಿ ಬರಲಾರದ ಆ ಭಯಂಕರ ವಿಷಯ ಸುಲಭದ ಸಂಬಂಧ ಆಗಿಬಿಡತ್ತೆ.

ಕ್ಯಾಥರೀನ್ ಬಿಯಾಟ್ರಿಸ್‌ಳ ಅಕ್ಕನೋ ತಂಗಿಯೋ ಮಗಳು. ನಮ್ಮ ಲೆಕ್ಕದಲ್ಲಿ ಬಿಯಾಟ್ರಿಸ್ ಚಿಕ್ಕಮ್ಮ ಅಥವಾ ದೊಡ್ಡಮ್ಮ, ಎಡ್ಡಿ ಚಿಕ್ಕಪ್ಪ ಅಥವಾ ದೊಡ್ಡಪ್ಪ. ಅವಳು ಅವನಿಗೆ ಸಾಕ್ಷಾತ್ ಮಗಳು, ಸಮಾನ ಅಂತ ಕೂಡ ಹೇಳೋ ಹಾಗಿಲ್ಲ. ‘ಚಿಕ್ಕಪ್ಪ’ ಅಂತ ಅವಳ ಕೈಲಿ ಕರೆಸಿ ನೋಡಿ. ಅವಳು ಅವನ ಚುಟ್ಟಕ್ಕೆ ಬೆಂಕಿ ಹಚ್ಚೋ ದೃಶ್ಯ ಇದೆಯಲ್ಲ, ಆಗ ಸಭೆ ತಾನಾಗೇ ಸುಮ್ಮನಾಗತ್ತೆ.

ನೇಪಥ್ಯ
ಅಯ್ಯೋ ದೇವರೇ. ಗಮನಕ್ಕೇ ಬಂದಿರ್ಲಿಲ್ಲ. ಎಲ್ಲ ಕಡೆ ಬದಲಾಯಿಸ್ತೀನಿ. ‘ಚಿಕ್ಕಪ್ಪ’ನೇ ಇರ್ಲಿ, ‘ದೊಡ್ಡಪ್ಪ’ ಅಂದ್ರೆ ಎಡ್ಡಿಗೆ ಪಂಚೆ ಉಡಿಸಿದ ಹಾಗಾಗತ್ತೆ.

ಖಾರಾಪುಡಿ
ಎಲ್ಲರೂ ಇಷ್ಟು ತಲೆ ಕೆಡಿಸ್ಕೊಳ್ತಿದ್ದೀರ. ನೇರವಾಗಿ ಹೇಳ್ತೀನಿ: ಸಾಕಿದ ಹುಡುಗಿ ಮೇಲೆ ಕಣ್ಣು ಹಾಕಿದ ಮನುಷ್ಯ, ಅವಳು ಕೈ ತಪ್ಪಿ ಹೋಗ್ತಾಳೆ ಅಂದಾಗ ಎರಡು ಬಡಪಾಯಿ ಹುಡುಗರನ್ನ ವಲಸೆ ಇಲಾಖೆಗೆ ಹಿಡಿದುಕೊಟ್ಟ. ಇದಕ್ಕೆ ದುರಂತ ನಾಯಕ ಅನ್ನೋ ಬಿರುದು ಯಾಕೆ? ಎರಡನೇ ಅಂಕದ ಶುರುವಿಗೆ ಕುಡಿದು ಬಂದು ಕ್ಯಾಥರೀನ್‌ಗೆ ಬಲವಂತವಾಗಿ ಮುತ್ತು ಕೊಡ್ತಾನೆ, ತಡೆಯೋಕೆ ಬಂದ ರೊಡಾಲ್ಫೊಗೂ ಮುತ್ತು ಕೊಡ್ತಾನೆ, ‘ಇವನು ಗಂಡಸಲ್ಲ’ ಅಂತ ತೋರಿಸೋಕೆ. ರೊಡಾಲ್ಫೊಗೆ ಹೊಂಬಣ್ಣದ ಕೂದಲು, ಹಾಡ್ತಾನೆ, ಅಡುಗೆ ಮಾಡ್ತಾನೆ, ಬಟ್ಟೆ ಹೊಲೀತಾನೆ, ಅದಕ್ಕೇ ಅನುಮಾನ. ನಮ್ಮೂರಲ್ಲಿ ಎಡ್ಡಿಯಂಥವರು ಗಲ್ಲಿಗೊಬ್ಬರಿದ್ದಾರೆ, ಯಾರೂ ನಾಟಕ ಬರೆದಿಲ್ಲ.

ಧಾರವಾಡ ಮೇಷ್ಟ್ರು
ಆ ಮುತ್ತಿನ ಸಲುವಾಗಿನೇ ಲಂಡನ್ನಿನ್ಯಾಗ ದೊಡ್ಡ ರಾಮಾಯಣ ಆತು. ಆಗ ಅಲ್ಲಿ ನಾಟಕಕ್ಕ ಲಾರ್ಡ್ ಚೇಂಬರ್ಲೇನ್ ಕಚೇರಿ ಪರವಾನಗಿ ಬೇಕಿತ್ತು, ಗಂಡಸು ಗಂಡಸಿಗೆ ಮುತ್ತು ಕೊಡೂದನ್ನ ಅವರು ಒಪ್ಪಲಿಲ್ಲ. ಹಂಗಾಗಿ ಥಿಯೇಟರನ್ನೇ ಕ್ಲಬ್ ಅಂತ ಮಾಡಿ, ನೋಡಾಕ ಬಂದವರಿಗೆ ಸದಸ್ಯತ್ವ ಕೊಟ್ಟು ಆಡಿಸಿದ್ರು! ಆ ಸೆನ್ಸಾರ್ ಹೋಗಿದ್ದು 1968ರಾಗ.

ಖಾರಾಪುಡಿಯವರ ಪ್ರಶ್ನೆ ಹಗುರ ಅಲ್ಲ. ಉತ್ತರ ನನಗಿಂತ ಬ್ಯಾರೆಯವರು ಛಲೋ ಕೊಟ್ಟಾರು.

ಕಡಲತಡಿ
ನಾನು ನಾಟಕದವನಲ್ಲ, ಪುಸ್ತಕ ಮಗಳದ್ದು, ಊರಿಗೆ ಬಂದಾಗ ಓದಿದ್ದು. ಹನ್ನೆರಡು ವರ್ಷ ಶಾರ್ಜಾದಲ್ಲಿದ್ದೆ. ನನಗೆ ಕ್ಯಾಥರೀನ್‌ಗಿಂತ ಹೆಚ್ಚು ಕಾಡಿದ್ದು ಆ ಮನೆಯ ನೆಲ ಮಾರಾಯ್ರೆ, ಆ ಹುಡುಗರು ಮಲಗುವ ನೆಲ.

ನಮ್ಮ ರೂಮಿನಲ್ಲಿ ಎಂಟು ಜನ. ಒಬ್ಬನ ವೀಸಾ ಮುಗಿದು ಎರಡು ವರ್ಷ ಆಗಿತ್ತು. ಕರೆಸಿದವರು ಸಂಬಳ ಕೊಡದೆ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರು, ಇವ ಓಡಿ ಬಂದದ್ದು. ಎಲ್ಲರಿಗೂ ಗೊತ್ತುಂಟು, ಯಾರೂ ಮಾತಾಡುವುದಿಲ್ಲ. ಬಾಡಿಗೆಯಲ್ಲಿ ಅವನ ಪಾಲು ನಾವು ಹಂಚಿಕೊಳ್ಳುವುದು. ಕೆಳಗಿನ ಕಿರಾಣಿ ಅಂಗಡಿಯವರಿಗೂ ಗೊತ್ತು. ಯಾರಾದರೂ ಹೊಸಬ ಬಂದರೆ ಅವನನ್ನು ‘ನನ್ನ ಭಾವ’ ಅಂತ ಹೇಳುವುದು. ಆ ಮೌನಕ್ಕೆ ಯಾರೂ ‘ಮರ್ಯಾದೆ’ ಅಂತ ಹೆಸರು ಇಟ್ಟಿರಲಿಲ್ಲ, ಆದರೆ ಅದೇ ನಮ್ಮ ಮರ್ಯಾದೆ. ಅದು ಒಡೆದರೆ ಅವನೊಬ್ಬ ಅಲ್ಲ, ಇಟ್ಟುಕೊಂಡ ತಪ್ಪಿಗೆ ನಾವು ಎಂಟೂ ಜನ ಹೋಗುವುದು. 2018ರಲ್ಲಿ ಅಲ್ಲಿ ವೀಸಾ ಮುಗಿದವರಿಗೆ ಆಮ್ನೆಸ್ಟಿ, ಅಂದರೆ ಕ್ಷಮೆ, ಕೊಟ್ಟರಲ್ಲ, ಆಗ ಅವ ಸರಿ ದಾರಿಯಲ್ಲಿ ಊರಿಗೆ ಬಂದ. ಈಗ ಉಡುಪಿ ಹತ್ತಿರ ಆಟೋ ಓಡಿಸುತ್ತಾನೆ.

ಹಾಗಾಗಿ ಖಾರಾಪುಡಿಯವರಿಗೆ ನಾನು ಹೇಳುವುದು ಇಷ್ಟೆ: ಎಡ್ಡಿ ಮಾಡಿದ್ದು ಎಂಥ ತಪ್ಪು ಅಂತ ಅವನಿಗೇ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಶುರುವಿನಲ್ಲಿ ಆ ಹುಡುಗರನ್ನು ಮನೆಗೆ ಸೇರಿಸಿಕೊಳ್ಳುವಾಗ ಹೆಂಡತಿಗೆ ಏನು ಹೇಳುತ್ತಾನೆ? ಇದು ನಮಗೊಂದು ಗೌರವ, ನನ್ನ ಅಪ್ಪ ಈ ದೇಶಕ್ಕೆ ಬರದಿದ್ದರೆ ನಾನೂ ಅಲ್ಲಿ ಹೀಗೇ ಹಸಿದು ಕೂತಿರುತ್ತಿದ್ದೆ ಅಂತ. ಆ ಮಾತು ಸುಳ್ಳಲ್ಲ.

ಸೌಟು ಹಿಡಿದವಳು
ಕಡಲತಡಿಯವರೇ, ಎರಡು ಸಲ ಓದಿದೆ ನಿಮ್ಮದನ್ನ.

ಅದೇ ದೃಶ್ಯದಲ್ಲಿ ವಿನ್ನಿ ಅನ್ನೋ ಹುಡುಗನ ಕಥೆ ಬರತ್ತೆ. ಹದಿನಾಲ್ಕು ವರ್ಷದವನು, ಮನೇಲಿ ಅಡಗಿದ್ದ ಸ್ವಂತ ಮಾವನ ಸುಳಿವು ಇಲಾಖೆಗೆ ಕೊಟ್ಟ. ಅಪ್ಪ, ಅಣ್ಣಂದಿರೇ ಅವನನ್ನ ಮೆಟ್ಟಿಲ ಮೇಲಿಂದ ತಲೆ ಬಡಿಯೋ ಹಾಗೆ ಎಳ್ಕೊಂಡು ಬಂದು ಬೀದೀಲಿ ಉಗಿದ್ರು. ಆಮೇಲೆ ಅವನನ್ನ ಯಾರೂ ನೋಡ್ಲಿಲ್ಲ. ಇದನ್ನ ಕ್ಯಾಥರೀನ್‌ಗೆ ಪಾಠದ ಹಾಗೆ ಹೇಳಿಸೋದು ಎಡ್ಡೀನೇ! ಕಳೆದ ಹತ್ತು ಲಕ್ಷ ಡಾಲರ್ ಬೇಕಾದ್ರೆ ಸಿಗತ್ತೆ, ಬಾಯಿಂದ ಬಿಟ್ಟ ಮಾತು ಸಿಗಲ್ಲ ಅಂತಾನೆ. ನೇಪಥ್ಯ, ಇಲ್ಲಿ ಡಾಲರ್ ಬಿಟ್ಟು ‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು’ ಹಾಕಿದ್ರೆ?

ನೇಪಥ್ಯ
ಹಾಕಿದ್ದೆ, ತೆಗೆದೆ. ಕೂಲಿ ಮಾಡೋನಿಗೆ ಮುತ್ತಿಗಿಂತ ಡಾಲರ್ ಹತ್ತಿರ ಅನ್ನಿಸ್ತು.

ಜರ್ಸಿ ಕನ್ನಡಿಗ
ಲೇಟಾಗಿ ಬಂದೆ, ಕ್ಷಮಿಸಿ. 2015ರಲ್ಲಿ ಬ್ರಾಡ್‌ವೇಯ ಲೈಸಿಯಂ ಥಿಯೇಟರ್‌ನಲ್ಲಿ ಇದನ್ನ ನೋಡಿದ್ದೆ, ಮಾರ್ಕ್ ಸ್ಟ್ರಾಂಗ್ ಎಡ್ಡಿ. ನಿರ್ದೇಶಕ ಇವೊ ವಾನ್ ಹೋವ ಲಂಡನ್ನಿನ ಯಂಗ್ ವಿಕ್ ಥಿಯೇಟರ್‌ನಲ್ಲಿ ಮಾಡಿದ್ದ ಪ್ರಯೋಗ ಇಲ್ಲಿಗೆ ಬಂದಿತ್ತು. ಮೇಜು, ಕಿಟಕಿ ಏನೂ ಇಲ್ಲ. ಖಾಲಿ ಚೌಕ, ಬರಿಗಾಲ ನಟರು. ಕೊನೆಗೆ ಎಲ್ಲರೂ ಒಂದೇ ಮುದ್ದೆಯಾಗಿ ತೆಕ್ಕೆಬಿದ್ದಾಗ ಮೇಲಿಂದ ಕೆಂಪು ಮಳೆ ಸುರಿಯಿತು. ಪಕ್ಕದ ಸೀಟಿನ ಹೆಂಗಸು ನನ್ನ ತೋಳು ಹಿಡ್ಕೊಂಡಿದ್ರು, ಪರಿಚಯ ಕೂಡ ಇಲ್ಲ.

ಅದಾದ ಮೇಲೆ ಒಂದು ಭಾನುವಾರ ರೆಡ್ ಹುಕ್‌ಗೆ ಹೋದೆ. ಇಟಾಲಿಯನ್ ಕೂಲಿಗಳ ಕೇರಿ ಅಂತ ಹೇಳಿದ್ರೆ ಯಾರೂ ನಂಬಲ್ಲ, ಐಕಿಯಾ ಪೀಠೋಪಕರಣದ ದೊಡ್ಡ ಅಂಗಡಿ ಇದೆ. ಹಳೇ ಇಟ್ಟಿಗೆ ಗೋದಾಮು ಒಂದಷ್ಟು ಉಳಿದಿವೆ. ಬ್ರೂಕ್ಲಿನ್ ಸೇತುವೆ ಮೇಲೆ ಕಾರಲ್ಲಿ ಹೋಗೋರಿಗೆ ಕೆಳಗಿನ ಈ ಜನ ಕಾಣ್ತಾರೆ ಅಷ್ಟೆ, ಗೊತ್ತಾಗಲ್ಲ. ನಾಟಕದ ಹೆಸರು ಅಲ್ಲಿಂದ ಬಂದಿದ್ದು ಅಂತ ನಂಗೆ ಅಲ್ಲಿ ನಿಂತಾಗ ಹೊಳೀತು.

ಇನ್ನೊಂದು, ಆ ಹುಡುಗರು ಯಾಕೆ ಕಳ್ಳದಾರೀಲಿ ಬರಬೇಕಿತ್ತು ಅಂತ ನಮ್ಮ ಆಫೀಸಲ್ಲಿ ಒಬ್ಬರು ಕೇಳಿದ್ರು. 1924ರ ಕಾನೂನು ಬಂದು ದೇಶಕ್ಕಿಷ್ಟು ಅಂತ ಕೋಟಾ ಹಾಕಿಬಿಟ್ಟಿತ್ತು. ಇಟಲಿಗೆ ವರ್ಷಕ್ಕೆ 6,000ಕ್ಕಿಂತ ಕಡಿಮೆ. ಅದಕ್ಕೂ ಮುಂಚೆ ವರ್ಷಕ್ಕೆ ಎರಡು ಲಕ್ಷ ದಾಟಿ ಬಂದಿದ್ದೂ ಉಂಟು. ಎಡ್ಡಿಯ ಅಪ್ಪ ಬಾಗಿಲು ತೆರೆದಿದ್ದಾಗ ಬಂದ, ಮಾರ್ಕೊ ಮುಚ್ಚಿದ ಮೇಲೆ. ಆ ಕೋಟಾ ಪದ್ಧತಿ ತೆಗೆದಿದ್ದು 1965ರಲ್ಲಿ, ನಮ್ಮಂಥ ಭಾರತೀಯರು ಇಷ್ಟು ಸಂಖ್ಯೆಯಲ್ಲಿ ಬರೋಕಾಗಿದ್ದೂ ಅದೇ ಕಾನೂನಿಂದ. ನಂಗೆ ಎಚ್1ಬಿ ಕೆಲಸದ ವೀಸಾ ಸಿಕ್ತು, ಕಾಗದ ಸರಿ ಇದೆ. ಆದ್ರೂ ಪ್ರತಿ ಸಲ ಏರ್‌ಪೋರ್ಟ್ ಕ್ಯೂನಲ್ಲಿ ಅಂಗೈ ಬೆವರತ್ತೆ. ಮಾರ್ಕೊ ಜೊತೆ ನನ್ನನ್ನ ಹೋಲಿಸ್ಕೊಳ್ಳೋ ಹಕ್ಕು ಮಾತ್ರ ನಂಗಿಲ್ಲ. ಅವನ ಮೂರು ಮಕ್ಕಳಲ್ಲಿ ಒಂದು ಮಗುವಿಗೆ ಎದೆ ಕಾಯಿಲೆ, ಇವನು ಕಳಿಸೋ ದುಡ್ಡಲ್ಲಿ ಔಷಧಿ.

ಖಾರಾಪುಡಿ
ಸರಿ, ಮಾರ್ಕೊನ ವಿಷಯಕ್ಕೇ ಬನ್ನಿ. ‘ನನ್ನ ಮಕ್ಕಳನ್ನ ಕೊಂದವನು ಇವನೇ’ ಅಂತ ಬೀದೀಲಿ ಕೂಗಿದ, ನ್ಯಾಯ. ಆಮೇಲೆ ಜಾಮೀನು ಬೇಕಾದ್ರೆ ಕೊಲ್ಲಲ್ಲ ಅಂತ ವಕೀಲ ಆಲ್ಫಿಯೆರಿಗೆ ಮಾತು ಕೊಟ್ಟು ಬಂದು ಕೊಂದೇ ಬಿಡ್ತಾನೆ. ನಮ್ಮೂರಲ್ಲಾಗಿದ್ರೆ ಇಷ್ಟೊತ್ತಿಗೆ ಅವನು ಸತ್ತಿರ್ತಿದ್ದ ಅಂತಾನೆ. ನಮ್ಮಲ್ಲಿ ಮಗಳು ಬೇರೆ ಜಾತಿಯವನನ್ನ ಮದುವೆಯಾದ್ಲು ಅಂತ ಕೊಂದು ‘ಮರ್ಯಾದೆ’ ಅಂತಾರಲ್ಲ, ಇದೂ ಅದೇ ಸಾಮಾನು ಅಲ್ವಾ? ಅದನ್ನ ಚಪ್ಪಾಳೆ ತಟ್ಟಿ ನೋಡ್ಬೇಕಾ?

ಸೌಟು ಹಿಡಿದವಳು
ಚಪ್ಪಾಳೆ ಯಾರೂ ತಟ್ತಿಲ್ಲ. ಆದ್ರೆ ಎರಡೂ ಒಂದೇ ಅಲ್ಲ. ಮಗಳನ್ನ ಕೊಲ್ಲೋ ಮರ್ಯಾದೆ ಬಲಾಢ್ಯರದ್ದು, ಅದಕ್ಕೆ ಊರೇ ಕಾವಲು. ರೆಡ್ ಹುಕ್‌ನ ಕಟ್ಟಳೆ ಕೈಯಲ್ಲಿ ಕಾಗದ ಇಲ್ಲದವರದ್ದು. ಹಾಗಂತ ಅದು ಪವಿತ್ರ ಅಲ್ಲ, ವಿನ್ನಿಯ ತಲೆ ಮೆಟ್ಟಿಲಿಗೆ ಬಡಿದದ್ದೂ ಅದೇ ಕಟ್ಟಳೆಯಲ್ಲಿ.

ನನಗೆ ಎಡ್ಡಿಯಲ್ಲಿ ಎರಡು ಮರ್ಯಾದೆ ಕಾಣತ್ತೆ. ಒಂದು ಹುಡುಗಿಯನ್ನ ಕಾಯೋದು, ಅವಳ ತಾಯಿಗೆ ಸಾಯುವಾಗ ಕೊಟ್ಟ ಮಾತು. ಇನ್ನೊಂದು ನಂಬಿ ಬಂದವರನ್ನ ಕಾಯೋದು. ಮೊದಲನೇದರ ಹೆಸರು ಹೇಳ್ಕೊಂಡು ಎರಡನೇದನ್ನ ಮುರಿದ. ಮೊದಲನೇದು ಒಳಗಿಂದ ಆಗ್ಲೇ ಹುಳ ಹಿಡಿದಿತ್ತು. ಅದನ್ನ ಬಿಯಾಟ್ರಿಸ್ ಬಿಟ್ರೆ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ನಾನು ಮತ್ತೆ ನಿನ್ನ ಹೆಂಡತಿ ಆಗೋದು ಯಾವಾಗ ಅಂತ ಕೇಳ್ತಾಳಲ್ಲ, ಅಲ್ಲೇ ಇಡೀ ನಾಟಕ ಇದೆ ಅನ್ಸತ್ತೆ ನಂಗೆ. ಅವಳ ಬಗ್ಗೆ ಇಲ್ಲಿ ಯಾರೂ ಎರಡು ಸಾಲು ಬರೆದಿಲ್ಲ, ನೋಡಿ.

ಧಾರವಾಡ ಮೇಷ್ಟ್ರು
ಖರೇ ಅದ ತಾಯಿ, ಬರೀಬೇಕಿತ್ತು. ಪರೀಕ್ಷಾದಾಗೂ ಬಿಯಾಟ್ರಿಸ್ ಮ್ಯಾಲೆ ಪ್ರಶ್ನೆ ಬರ್ತಿರಲಿಲ್ಲ.

ಒಂದು ಮಾತು ಬಿಟ್ಟಿದ್ದೆ. ಆ ಕಾಲದಾಗ ಅಮೆರಿಕಾದಾಗ ಸುಳಿವು ಕೊಡೂದು ಬರೇ ಬಂದರಿನ ಸುದ್ದಿ ಆಗಿರಲಿಲ್ಲ. ಕಮ್ಯುನಿಸ್ಟರನ್ನ ಹುಡುಕೋ ಸಂಸತ್ತಿನ ಸಮಿತಿ ಮುಂದ ಗೆಳೆಯರ ಹೆಸರು ಹೇಳು ಅಂತ ಕಲಾವಿದರನ್ನ ಕೂಡಿಸ್ತಿದ್ರು. ಮಿಲ್ಲರ್‌ನ ಜೋಡಿ ನಿರ್ದೇಶಕ ಎಲಿಯಾ ಕಜಾನ್ 1952ರಾಗ ಹೆಸರು ಹೇಳಿದ, ಇಬ್ಬರ ಗೆಳೆತನ ಮುರೀತು. 1954ರಾಗ ಕಜಾನ್ ಮಾಡಿದ ಬಂದರಿನ ಸಿನಿಮಾದಾಗ ಸಾಕ್ಷಿ ಹೇಳುವವನೇ ನಾಯಕ. ಮರುವರ್ಷ ಮಿಲ್ಲರ್‌ನ ಬಂದರಿನ ನಾಟಕದಾಗ ಸುಳಿವು ಕೊಟ್ಟವ ಸಾಯ್ತಾನ. 1956ರ ಜೂನ್‌ದಾಗ ಮಿಲ್ಲರ್‌ನ್ನೇ ಕರದ್ರು. ನನ್ನ ಬಗ್ಗೆ ಕೇಳ್ರಿ, ಬ್ಯಾರೆಯವರ ಹೆಸರು ಹೇಳಂಗಿಲ್ಲ ಅಂದ. ಸಂಸತ್ತಿನ ನಿಂದನೆ ಅಂತ 1957ರಾಗ ಶಿಕ್ಷೆ, 1958ರಾಗ ಮೇಲ್ಮನವಿಯೊಳಗ ಬಿಡುಗಡೆ.

ಆದ್ರ ಎಡ್ಡಿಯನ್ನ ಕಜಾನ್ ಅಂತ ಓದಬ್ಯಾಡ್ರಿ. ಹಂಗ ಓದಿದ್ರ ನಾಟಕ ಸಣ್ಣದಾಗ್ತದ.

ಜರ್ಸಿ ಕನ್ನಡಿಗ
ಮೇಷ್ಟ್ರೇ, ‘ಹೆಸರು ಹೇಳು’ ಅಂದ್ರಲ್ಲ, ತಟ್ಟನೆ ಒಂದು ವಿಷಯ ಹೊಳೀತು. ಪುಸ್ತಕ ತೆಗೆದು ನೋಡ್ದೆ. ಫೋನ್ ದೃಶ್ಯದಲ್ಲಿ ಎಡ್ಡಿ ವಿಳಾಸ ಸರಿಯಾಗಿ ಹೇಳ್ತಾನೆ, 441 ಸ್ಯಾಕ್ಸನ್ ಸ್ಟ್ರೀಟ್, ನೆಲ ಅಂತಸ್ತು. ಅದು ಅವನದೇ ಮನೆ. ಆ ಕಡೆಯವರ ಮಾತು ನಮಗೆ ಕೇಳಲ್ಲ. ಇವನು “ಆಂ?” ಅಂತಾನೆ, ಆಮೇಲೆ ಕಷ್ಟಪಟ್ಟು, ನಾನಾ, ಇಲ್ಲೇ ಸುತ್ತಮುತ್ತ ಇರೋನು ಅಂತಾನೆ.

ಅಂದ್ರೆ ಆ ಕಡೆಯವನು ಕೇಳಿದ್ದು “ನಿಮ್ಮ ಹೆಸರು?”

ಹೆಸರು ಕೇಳಿದಾಗ ಹೇಳ್ಲಿಲ್ಲ. ಆಮೇಲೆ ಬೀದೀಲಿ ನಿಂತು ಅದನ್ನೇ ಕೊಡು ಅಂತ ಕಿರುಚ್ತಾನೆ.

ಕಡಲತಡಿ
ಮಾರಾಯ್ರೆ!

ಖಾರಾಪುಡಿ
ಇದನ್ನ ಒಪ್ತೀನಿ. ಜೊತೆಗೆ ಇನ್ನೊಂದು ಸೇರಿಸಿ. ಮಾರ್ಕೊ ಉಗಿದ ಮೇಲೆ ಎಡ್ಡಿ ಕಟುಕ ಲಿಪಾರಿಯನ್ನ ಹೆಸರು ಹಿಡಿದು ಕರೀತಾನೆ, ಅವನು ತಿರುಗಿ ಹೋಗ್ತಾನೆ. ಯಾಕಂದ್ರೆ ಲಿಪಾರಿಯ ಕಡೆ ಹುಡುಗರೂ ಅದೇ ಮನೇಲಿ ಸಿಕ್ಕಿಬಿದ್ದಿದ್ರು, ಅದು ಎಡ್ಡಿಗೆ ಗೊತ್ತಾಗಿದ್ದು ಫೋನ್ ಇಟ್ಟ ಮೇಲೆ. ಮೈಕ್, ಲೂಯಿಸ್ ಅಂತ ಜೊತೆ ಕೂಲಿಗಳನ್ನ ಕರೀತಾನೆ, ಅವರೂ ಹಾಗೇ. ದಿನಾ ಬೆಳಿಗ್ಗೆ ಅವರ ಪಕ್ಕದಲ್ಲೇ ನಿಂತು ಫೋರ್‌ಮನ್ ಇವತ್ತು ಯಾರನ್ನ ಆರಿಸ್ತಾನೆ ಅಂತ ಕಾಯ್ತಿದ್ದವನು. ನಾಳೆ ಬೆಳಿಗ್ಗೆ ಆ ಸಾಲಲ್ಲಿ ಅವನಿಗೆ ಜಾಗ ಇಲ್ಲ. ಹೆಸರು ಅಂದ್ರೆ ಅದು, ಹೊಟ್ಟೆಪಾಡು.

(ದುರಂತ ನಾಯಕ ಅನ್ನೋದನ್ನ ಇನ್ನೂ ಒಪ್ಪಿಲ್ಲ.)

ನೇಪಥ್ಯ
ತೀರ್ಮಾನ ಆಯ್ತು, ‘ಹೆಸರು’ ಅಂತಲೇ ಇಡ್ತೀನಿ. ರೇಷನ್ ಕಾರ್ಡಿನ ಹಾಗೆ ಕೇಳಿಸಿದ್ರೂ ಕೇಳಿಸ್ಲಿ, ಒಂದು ರೀತೀಲಿ ಅದೂ ಸರಿಯೇ. ಆದ್ರೆ ಜರ್ಸಿಯವರು ಹೇಳಿದ್ದು ಕನ್ನಡ ಕೇಳುಗರಿಗೆ ತಟ್ಟಬೇಕಾದ್ರೆ ಫೋನಲ್ಲಿ “ಆಂ?” ಬದಲು “ಹೆಸರಾ?” ಅನ್ನಿಸಲಾ? ಒಂದೇ ಪದ.

ಧಾರವಾಡ ಮೇಷ್ಟ್ರು
ಬ್ಯಾಡ. ಮಿಲ್ಲರ್ ಬರೀಲಿಲ್ಲ ಅಂದ್ರ ಬೇಕಂತಲೇ ಬಿಟ್ಟಾನ. ಕೇಳುವವರಿಗೆ ಆಮ್ಯಾಲೆ ಮನೀಗೆ ಹೋಗೂ ದಾರ್‍ಯಾಗ ಹೊಳೀಲಿ.

ಖಾರಾಪುಡಿ
ಹಾಕಿ. ಮನೆಗೆ ಹೋಗೋ ದಾರೀಲಿ ಜನ ಆಟೋ ಹುಡುಕ್ತಿರ್ತಾರೆ.

ಸೌಟು ಹಿಡಿದವಳು
ಪದ ಬೇಡ, ಸ್ವಲ್ಪ ಮೌನ ಕೊಡಿ. “ಆಂ?” ಅಂದು, ನಿಲ್ಲಿಸಿ, ಓದೋವರು ಒಮ್ಮೆ ತಲೆ ಎತ್ತಿ ನೋಡ್ಲಿ.

ನೇಪಥ್ಯ
ಶನಿವಾರ ಎರಡೂ ಥರ ಓದಿ ನೋಡ್ತೀವಿ. ಎಡ್ಡಿ ಓದೋ ನಮ್ಮ ಗೆಳೆಯ ಎಲ್‌ಐಸಿ ಏಜೆಂಟ್, ಫೋನಲ್ಲಿ ಹೆಸರು ಹೇಳದೇ ಮಾತಾಡೋದು ಅವನಿಗೆ ಸ್ವಲ್ಪ ಕಷ್ಟ. ಬಿಯಾಟ್ರಿಸ್‌ಗೆ ಇನ್ನೂ ಯಾರೂ ಸಿಕ್ಕಿಲ್ಲ. ಸೌಟು ಹಿಡಿದವರೇ, ನೀವು ಮೈಸೂರ ಹತ್ತಿರವೇ ಇದ್ದೀರಾ?

ಸೌಟು ಹಿಡಿದವಳು
ನಂಜನಗೂಡು. ಆರೂವರೆ ರೈಲಿಗೆ ಬಿಡ್ತೀರಾ ಹೇಳಿ, ಬರ್ತೀನಿ.